ಹೂಂ ಅನ್ನುವ ಗೊಂಬೆ

"ಗುರುಗಳೇ, ಕತೆ ಬರೆಯುವವನಿಗೆ ಎಲ್ಲಕ್ಕಿಂತ ಮುಖ್ಯವಾದ ಸಲಕರಣೆ ಯಾವುದು?"

ಕೇಳಿದವನು ಅಡಿವೆಪ್ಪ. ಊರ ಶಾಲೆಯಲ್ಲಿ ಮೇಷ್ಟ್ರು. ಬಿಡುವಿನ ವೇಳೆಯಲ್ಲಿ ಕತೆ ಬರೆಯುತ್ತಾನೆ. ವಾರಕ್ಕೊಮ್ಮೆ ಮಠಕ್ಕೆ ಬಂದು ಗುರುಗಳ ಎದುರು ಕೂರುತ್ತಾನೆ.

"ನಿನ್ನ ಹತ್ತಿರ ಏನೇನಿದೆ, ಅದನ್ನು ಮೊದಲು ಹೇಳು" ಎಂದರು ಗುರುಗಳು.

"ಎಲ್ಲ ಇದೆ. ಒಳ್ಳೆಯ ಪೆನ್ನಿದೆ, ನಿಘಂಟಿದೆ. ಹೊಸ ಕಂಪ್ಯೂಟರ್ ತಂದಿದ್ದೇನೆ. ಮೊದಲು ಬರೆದದ್ದನ್ನು ಹೆಂಡತಿ ದಾಕ್ಷಾಯಿಣಿಗೆ ಓದಿ ಹೇಳುತ್ತಿದ್ದೆ. ಅವಳು ಸಾಲು ಸಾಲಿಗೂ ತಡೆಯುತ್ತಿದ್ದಳು. ಈಗ ಆ ತೊಂದರೆಯೂ ಇಲ್ಲ. ಕಂಪ್ಯೂಟರಿನಲ್ಲೇ ಓದುವ ಯಂತ್ರವಿದೆ. ಬರೆದದ್ದನ್ನು ಕೊಟ್ಟರೆ ಕ್ಷಣದಲ್ಲಿ ಓದಿ, ಬಹಳ ಚೆನ್ನಾಗಿದೆ, ಮುಂದುವರಿಸಿ ಅನ್ನುತ್ತದೆ. ಕತೆಯ ಮೇಲೆ ಕತೆ ಮುಗಿಸುತ್ತಿದ್ದೇನೆ. ಆದರೆ ಪತ್ರಿಕೆಯವರು ಹಿಂದಕ್ಕೆ ಕಳಿಸುತ್ತಾರೆ. ಓದಿದವರು ಮಾರನೆಯ ದಿನವೇ ಮರೆಯುತ್ತಾರೆ. ಯಾವುದೋ ಒಂದು ಸಲಕರಣೆ ಕಡಿಮೆಯಾಗಿದೆ ಅನ್ನಿಸುತ್ತಿದೆ. ಅದು ಸಿಗದಿದ್ದರೆ ಬರೆಯುವುದನ್ನೇ ಬಿಟ್ಟುಬಿಡೋಣ ಅಂತಿದ್ದೇನೆ."

ಗುರುಗಳು ನಕ್ಕರು. "ಕುಣಿಯಲಾರದವಳಿಗೆ ನೆಲ ಡೊಂಕು ಅನ್ನುತ್ತಾರೆ. ನಿನಗೆ ಪಾಪ ನೆಲವೂ ನೆಟ್ಟಗಿದೆ, ದೂರಲಿಕ್ಕೂ ಏನೂ ಇಲ್ಲ. ಇರಲಿ. ಒಂದು ಕತೆ ಹೇಳುತ್ತೇನೆ. ಹೂಂ ಅನ್ನಬೇಕು. ಹೂಂ ಇಲ್ಲದೆ ಕತೆ ಹೇಳುವ ಅಭ್ಯಾಸ ನನಗಿಲ್ಲ."

ಅಡಿವೆಪ್ಪ ಹೂಂ ಅಂದ. ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಕತೆಗಾರನಿದ್ದ. ಆಗೆಲ್ಲ ಕತೆ ಬರೆಯುತ್ತಿರಲಿಲ್ಲ, ಹೇಳುತ್ತಿದ್ದರು. ಸಂಜೆ ದೀಪ ಹಚ್ಚಿದ ಮೇಲೆ ಜನ ಅವನ ಮನೆಯ ಚಾವಡಿಗೆ ಬಂದು ಕೂರುತ್ತಿದ್ದರು. ಆ ಸೀಮೆಯಲ್ಲಿ ಒಂದು ಪದ್ಧತಿ. ಕತೆ ಹೇಳುವವನ ಎದುರಿಗೆ ಹೂಂಗುಟ್ಟಲು ಒಬ್ಬರು ಕೂರಬೇಕು. ಒಂದು ಮಾತು ಮುಗಿದಾಗ ಅವರು ಹೂಂ ಅನ್ನಬೇಕು. ಆ ಹೂಂ ಬಂದ ಮೇಲೆಯೇ ಮುಂದಿನ ಮಾತು. ಹೂಂ ಅಂದರೆ ಭೇಷ್ ಅಂತ ಅಲ್ಲ. ಇಲ್ಲಿಯವರೆಗೆ ನಿನ್ನ ಜೊತೆ ಬಂದಿದ್ದೇನೆ, ಮುಂದೆ ನಡೆ ಅಂತ. ಜೊತೆಗೆ ಬರಲು ಆಗದಿದ್ದರೆ ಸುಮ್ಮನೆ ಹೂಂ ಅನ್ನಬಾರದು. ತಡೆದು ಕೇಳಬೇಕು. ಕತೆಗಾರ ಉತ್ತರ ಕೊಟ್ಟೇ ಮುಂದೆ ಹೋಗಬೇಕು.

ಈ ಕತೆಗಾರನಿಗೆ ಹೂಂ ಅನ್ನುತ್ತಿದ್ದವಳು ಅವನ ಅಕ್ಕ. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದವಳು. ಚಾಪೆ ತಂದು ತಮ್ಮನ ಎದುರಿಗೆ ಹಾಸಿ, ಕಾಲು ಚಾಚಿ ಕೂತು, ಹುಣಸೆಹಣ್ಣು ಬಿಡಿಸುತ್ತಲೋ ಬತ್ತಿ ಹೊಸೆಯುತ್ತಲೋ ಕೇಳುತ್ತಿದ್ದಳು. ಕೈ ಎಲ್ಲಿದ್ದರೂ ಕಿವಿ ಕತೆಯಲ್ಲಿ.

ರಾಜಕುಮಾರ ಕುದುರೆಯನ್ನು ಮರಕ್ಕೆ ಕಟ್ಟಿ ಕೋಟೆ ಹತ್ತಿದ ಎಂದು ತಮ್ಮ ಹೇಳಿದರೆ, ಅವಳ ಹೂಂ ಬರುತ್ತಿರಲಿಲ್ಲ.

"ತಮ್ಮಾ, ತಡಿ. ಕುದುರೆಗೆ ನೀರು ಕುಡಿಸಿದ್ನಾ?"

ಜನ ನಗುತ್ತಿದ್ದರು. ಕತೆಗಾರನ ಮೈ ಉರಿಯುತ್ತಿತ್ತು. ಆದರೆ ಹೂಂ ಬರದೆ ಮುಂದೆ ಹೋಗುವಂತಿಲ್ಲ. ಕುಡಿಸಲಿಲ್ಲ, ಅವಸರದಲ್ಲಿ ಮರೆತ ಅನ್ನುತ್ತಿದ್ದ. ಹಾಗೆ ಅಂದ ಮೇಲೆ ಬಾಯಾರಿದ ಕುದುರೆ ಹಗ್ಗ ಕಿತ್ತುಕೊಂಡು ಹೋಗಲೇಬೇಕು. ಕುದುರೆ ಹೋದ ಮೇಲೆ ರಾಜಕುಮಾರ ನಡೆದೇ ಊರು ಸೇರಬೇಕು. ನಡೆದು ಹೋಗುವವನಿಗೆ ದಾರಿಯಲ್ಲಿ ಹಾಲು ಮಾರುವ ಒಬ್ಬಳು ಸಿಗಬೇಕು. ಕೊನೆಗೆ ಊರ ಜನ ವರ್ಷಗಟ್ಟಲೆ ನೆನೆಸಿಕೊಂಡದ್ದು ಆ ಹಾಲು ಮಾರುವವಳನ್ನೇ. ರಾಜಕುಮಾರನ ಹೆಸರು ಯಾರಿಗೂ ನೆನಪಿರಲಿಲ್ಲ. ಅದೆಲ್ಲ ತನ್ನ ಜಾಣತನ ಎಂದೇ ಕತೆಗಾರ ತಿಳಿದಿದ್ದ.

ಅಡಿವೆಪ್ಪ ನಗುತ್ತಾ ಹೂಂ ಅಂದ.

ಒಂದು ಸಂಜೆ ಪರವೂರಿನ ವ್ಯಾಪಾರಿಗಳು ಕತೆ ಕೇಳಲು ಬಂದರು. ಅವರ ಮುಂದೆ ಒಳ್ಳೆಯ ಹೆಸರು ತೆಗೆದುಕೊಳ್ಳಬೇಕೆಂದು ಕತೆಗಾರ ತನ್ನ ಅತ್ಯುತ್ತಮ ಕತೆ ಎತ್ತಿಕೊಂಡ. ಅವತ್ತೇ ಅಕ್ಕ ಮೇಲಿಂದ ಮೇಲೆ ತಡೆದಳು. ರಾಣಿ ಅತ್ತಳು ಅಂದರೆ, ಕಣ್ಣೊರೆಸಿದ್ದು ಯಾರು ಅಂದಳು. ರಾಜ ಸಿಟ್ಟಾದ ಅಂದರೆ, ಬೆಳಿಗ್ಗೆ ಊಟ ಮಾಡಿದ್ನೋ ಇಲ್ವೋ ಅಂದಳು. ವ್ಯಾಪಾರಿಯೊಬ್ಬ ಎಲ್ಲರಿಗೂ ಕೇಳುವಂತೆಯೇ ಪಕ್ಕದವನಿಗೆ ಹೇಳಿದ, ಈ ಕತೆ ತಮ್ಮನದೋ ಅಕ್ಕನದೋ ಅಂತ. ಚಾವಡಿಯೆಲ್ಲ ನಕ್ಕಿತು.

ಆ ಮಾತು ಕತೆಗಾರನಿಗೆ ಮುಳ್ಳಿನಂತೆ ಚುಚ್ಚಿತು. ಬೆಳಗಾದ ಕೂಡಲೇ ಬಡಗಿಯ ಮನೆಗೆ ಹೋದ. ನನಗೆ ಹೂಂ ಅನ್ನುವ ಒಂದು ಗೊಂಬೆ ಮಾಡಿಕೊಡು ಅಂದ.

ಬಡಗಿ ಕೈಗುಣವುಳ್ಳವನು. ಅವನ ಮೇಲೆ ನನ್ನದೇನೂ ದೂರಿಲ್ಲ. ಕೇಳಿದ್ದನ್ನು ಚೆನ್ನಾಗಿಯೇ ಮಾಡಿಕೊಟ್ಟ. ಹಲಸಿನ ಮರದ ಗೊಂಬೆ. ಹೊಟ್ಟೆಯೊಳಗೆ ಚರ್ಮದ ತಿದಿ, ಗಂಟಲಲ್ಲಿ ಒಂದು ಪೀಪಿ. ಕೆಳಗೆ ಒಂದು ದಾರ. ದಾರವನ್ನು ಕಾಲ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಎಳೆದರೆ ತಿದಿಯ ಗಾಳಿ ಪೀಪಿಗೆ ನುಗ್ಗಿ ಗೊಂಬೆ ಹೂಂ ಅನ್ನುತ್ತಿತ್ತು. ಜೊತೆಗೆ ಕೋಲೆ ಬಸವನ ಹಾಗೆ ತಲೆಯನ್ನೂ ಆಡಿಸುತ್ತಿತ್ತು. ಹೂಂ ಅನ್ನುವವರು ದೊಡ್ಡ ಮನುಷ್ಯರಂತೆ ಕಾಣಲಿ ಅಂತ ಬಡಗಿ ತಾನಾಗಿಯೇ ಮೀಸೆಯನ್ನೂ ಬರೆದಿದ್ದ.

ಅಡಿವೆಪ್ಪ ಹೂಂ ಅಂದ.

ಸಂಜೆ ಅಕ್ಕ ಚಾಪೆ ತಂದು ಹಾಸುವ ಹೊತ್ತಿಗೆ ಅವಳ ಜಾಗದಲ್ಲಿ ಗೊಂಬೆ ಕೂತಿತ್ತು.

"ಅಕ್ಕಾ, ದಿನಾ ಕೂತು ಕೂತು ನಿನಗೂ ದಣಿವು. ಇನ್ಮೇಲೆ ನೀನು ಬರೋದು ಬೇಡ. ಇದು ನೋಡ್ಕೊಳ್ಳುತ್ತೆ" ಅಂದ ಕತೆಗಾರ.

ಅಕ್ಕ ಗೊಂಬೆಯನ್ನು ನೋಡಿದಳು. ತಮ್ಮನನ್ನು ನೋಡಿದಳು. ಚಾಪೆ ಸುತ್ತಿಕೊಂಡು ಒಳಗೆ ಹೋದಳು.

ಗುರುಗಳು ಇಲ್ಲಿ ನಿಲ್ಲಿಸಿದರು. ಪಕ್ಕದ ತಂಬಿಗೆ ಎತ್ತಿ ಒಂದು ಗುಟುಕು ನೀರು ಕುಡಿದರು. ಅಡಿವೆಪ್ಪ ನೆಲ ನೋಡುತ್ತಿದ್ದ. ಗುರುಗಳು ತುಸು ಹೊತ್ತು ಕಾದರು. ಆಮೇಲೆ ತಾವಾಗಿಯೇ ಮುಂದುವರಿಸಿದರು.

ಮೊದಮೊದಲು ಚಾವಡಿ ತುಂಬಿ ತುಳುಕಿತು. ಜನ ಗೊಂಬೆ ನೋಡಲು ಬಂದರು. ಮೀಸೆ ನೋಡಿ ನಕ್ಕರು. ಕತೆಗಾರನ ಕತೆಗೆ ಈಗ ತಡೆಯೇ ಇಲ್ಲ. ಕುದುರೆಗಳಿಗೆ ಬಾಯಾರುತ್ತಿರಲಿಲ್ಲ. ರಾಜರಿಗೆ ಹಸಿವಾಗುತ್ತಿರಲಿಲ್ಲ. ಅತ್ತ ರಾಣಿಯರು ತಾವೇ ಕಣ್ಣೊರೆಸಿಕೊಳ್ಳುತ್ತಿದ್ದರು. ಮೊದಲು ಒಂದು ಕತೆಗೆ ಹಿಡಿಯುತ್ತಿದ್ದ ಹೊತ್ತಿನಲ್ಲಿ ಈಗ ಎರಡು ಮೂರು ಕತೆ ಮುಗಿಯುತ್ತಿದ್ದವು. ಬೇಕೆಂದಲ್ಲಿ ಹೆಬ್ಬೆರಳು ಎಳೆದರೆ ಸಾಕು, ಹೂಂ. ಹೌದಪ್ಪನ ಚಾವಡಿಯಲ್ಲಿ ಕೂತವನಿಗೆ ಇನ್ನೇನು ಚಿಂತೆ?

ದಿನ ಕಳೆದಂತೆ ಒಬ್ಬನಿಗೆ ದನಕ್ಕೆ ಮೇವು ಹಾಕುವುದು ನೆನಪಾಯಿತು. ಇನ್ನೊಬ್ಬಳಿಗೆ ತಲೆನೋವು ಬಂತು. ಒಬ್ಬೊಬ್ಬರೇ ಎದ್ದು ಹೋಗತೊಡಗಿದರು. ಕತೆಗಾರನಿಗೆ ಅದು ಗೊತ್ತೇ ಆಗಲಿಲ್ಲ. ಹೇಗೆ ಗೊತ್ತಾಗಬೇಕು? ಹೂಂ ಒಂದು ಸಲವೂ ತಪ್ಪಿರಲಿಲ್ಲ. ಕೊನೆಗೆ ಕಂಬಗಳೇ ಹೆಚ್ಚು, ಕೇಳುವವರು ಕಡಿಮೆ ಎಂಬಂತಾದಾಗ ತಲೆಯೆತ್ತಿ ನೋಡಿದ. ಕತ್ತೆಗೇನು ಗೊತ್ತು ಕಸ್ತೂರಿ ವಾಸನೆ ಅಂದುಕೊಂಡ. ಮತ್ತೆ ದಾರ ಎಳೆದ.

ಅಡಿವೆಪ್ಪ ಮೆಲ್ಲಗೆ ಹೂಂ ಅಂದ.

ಹೀಗಿರುವಾಗ ಊರಲ್ಲಿ ಒಂದು ಜಗಳ ಹುಟ್ಟಿತು. ಎಣ್ಣೆ ತೆಗೆಯುವವರದು ಗಾಣದ ಕೇರಿ. ನೇಯುವವರದು ಮಗ್ಗದ ಕೇರಿ. ಎರಡರ ನಡುವೆ ಒಂದು ಹಳೆಯ ಬಾವಿ. ತಲೆತಲಾಂತರದಿಂದ ಎರಡೂ ಕೇರಿಯವರು ಅಲ್ಲೇ ನೀರು ಸೇದುತ್ತಿದ್ದರು. ಏನೋ ಒಂದು ಮಾತಿಗೆ ಮಾತು ಬೆಳೆಯಿತು. ಬಾವಿ ತೋಡಿದವನು ನಮ್ಮ ಹಿರಿಯ, ಬಾವಿ ನಮ್ಮದು ಎಂದು ಗಾಣದ ಕೇರಿಯವರು ಸುತ್ತ ಮುಳ್ಳುಬೇಲಿ ಹಾಕಿದರು. ಮಗ್ಗದ ಕೇರಿಯ ಹೆಂಗಸರು ಬರಿಗೊಡ ಹೊತ್ತು ತಿರುಗಿ ಬಂದರು. ನೂಲು ಅದ್ದಲು ನೀರಿಲ್ಲದೆ ಬಣ್ಣದ ಹರವಿ ಮಡಕೆಗಳು ಒಣಗಿದವು, ಮಗ್ಗಗಳು ನಿಂತವು. ಎರಡೂ ಕೇರಿಯ ಬಾಗಿಲುಗಳಲ್ಲಿ ದೊಣ್ಣೆಗಳು ಬಂದು ಒರಗಿದವು. ಒಂದು ದೊಣ್ಣೆ ಮೇಲೆದ್ದರೆ ಊರೇ ಹೋಳಾಗುತ್ತಿತ್ತು.

ಊರ ಹಿರಿಯರು ಹಳೆಯ ಪದ್ಧತಿಯೊಂದನ್ನು ನೆನೆಸಿಕೊಂಡರು. ಬಾವಿಯ ಕಟ್ಟೆಯ ಮೇಲೆ ಬಾವಿ ಹುಟ್ಟಿದ ಕತೆ ಹೇಳಬೇಕು. ಎರಡೂ ಕೇರಿಯವರು ಎದುರು ಬದುರು ಕೂತು ಕೇಳಬೇಕು. ಕೊನೆಯವರೆಗೆ ಇಬ್ಬರೂ ಹೂಂ ಅಂದರೆ ಆ ಕತೆಯೇ ತೀರ್ಮಾನ. ನಡುವೆ ಯಾರದಾದರೂ ಹೂಂ ನಿಂತರೆ ಆಮೇಲೆ ಯಾರ ದೊಣ್ಣೆ ಯಾರ ತಲೆಗೋ, ಹಿರಿಯರು ಕೇಳುವುದಿಲ್ಲ. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರಲ್ಲ, ಆ ಮಾತಿನ ಮೇಲೆ ಊರಿನ ತಲೆಗಳನ್ನೆಲ್ಲ ಇಟ್ಟರು. ಕತೆಗಾರನನ್ನು ಕರೆಸಿದರು.

ಅವನಿಗೆ ಎಳ್ಳಷ್ಟೂ ಹೆದರಿಕೆಯಿರಲಿಲ್ಲ. ಹೂಂ ಅವನ ಕಾಲ ಹೆಬ್ಬೆರಳಿನಲ್ಲಿತ್ತು. ಗೊಂಬೆಯನ್ನು ಹೆಗಲ ಮೇಲೆ ಹೊತ್ತು ತಂದು ಕಟ್ಟೆಯ ಮೇಲೆ ಕೂರಿಸಿಕೊಂಡ.

ಅಡಿವೆಪ್ಪ ಹೂಂ ಅಂದ. ಈಗ ಅವನು ತುಸು ಮುಂದಕ್ಕೆ ಜರುಗಿ ಕೂತಿದ್ದ.

ಕತೆಗಾರ ಚೆನ್ನಾಗಿಯೇ ಶುರು ಮಾಡಿದ. ಒಂದಾನೊಂದು ಕಾಲದಲ್ಲಿ ಈ ಊರಿಗೆ ನೀರಿರಲಿಲ್ಲ ಅಂದ. ಗೊಂಬೆ ಹೂಂ ಅಂದಿತು. ಎರಡೂ ಕೇರಿ ಹೂಂ ಅಂದವು. ಗಾಣದ ಕೇರಿಯ ಹಿರಿಯನೊಬ್ಬ ಹಾರೆ ಗುದ್ದಲಿ ಹಿಡಿದು ಇದೇ ಜಾಗಕ್ಕೆ ಬಂದ ಅಂದ. ಗೊಂಬೆ ಹೂಂ ಅಂದಿತು. ಗಾಣದ ಕೇರಿ ಜೋರಾಗಿ ಹೂಂ ಅಂದಿತು. ಮಗ್ಗದ ಕೇರಿಯಿಂದ ಒಂದೆರಡು ಹೂಂ ಬಂದವು. ಅಗೆಯುತ್ತಾ ಅಗೆಯುತ್ತಾ ಬಂಡೆ ಸಿಕ್ಕಿತು, ಬಂಡೆ ಒಡೆದು ಇನ್ನೂ ಆಳಕ್ಕೆ ಇಳಿದ ಅಂದ. ಗೊಂಬೆ ಹೂಂ ಅಂದಿತು. ಮಗ್ಗದ ಕೇರಿಯಲ್ಲಿ ಯಾರೂ ಬಾಯಿ ಬಿಡಲಿಲ್ಲ. ಕತೆಗಾರನಿಗೆ ಅದು ಕೇಳಿಸಲಿಲ್ಲ. ಹೂಂ ಕೇಳುವ ಕಿವಿ ಅವನಿಗಿತ್ತು. ಹೂಂ ಬರದಿದ್ದದ್ದನ್ನು ಕೇಳುವ ಕಿವಿ ಅಕ್ಕನ ಚಾಪೆಯ ಜೊತೆಗೇ ಒಳಗೆ ಹೋಗಿತ್ತು.

ಹೇಳುತ್ತಾ ಹೇಳುತ್ತಾ ಕೊನೆಗೆ ಬಂದ. ಹೀಗೆ ಗಾಣದ ಕೇರಿಯ ಹಿರಿಯ ಒಬ್ಬನೇ ಈ ಬಾವಿಯನ್ನು ತೋಡಿದ ಅಂದ. ದಾರ ಎಳೆದ. ಗೊಂಬೆ ಹೂಂ ಅಂದು ತಲೆಯಾಡಿಸಿತು.

ಮಗ್ಗದ ಕೇರಿಯ ಗಂಡಸರು ಎದ್ದು ನಿಂತರು. ಕೈಗಳು ದೊಣ್ಣೆಗಳಿಗೆ ಹೋದವು. ಅದನ್ನು ನೋಡಿ ಗಾಣದ ಕೇರಿಯವರೂ ಎದ್ದರು. ಕತೆಗಾರ ಆಗ ತಲೆಯೆತ್ತಿದ. ಬಹಳ ಕಾಲದ ಮೇಲೆ ತನ್ನ ಕತೆ ಕೇಳುವವರ ಮುಖ ನೋಡಿದ. ಗಾಬರಿಗೆ ಕಾಲು ಅದುರಿತು. ಗೊಂಬೆ ಇನ್ನೊಮ್ಮೆ ಹೂಂ ಅಂದಿತು. ಯಾರೂ ನಗಲಿಲ್ಲ.

ಆಗ ಹೆಂಗಸರ ಗುಂಪಿನ ಹಿಂದಿನಿಂದ ಒಂದು ದನಿ ಬಂತು.

"ತಮ್ಮಾ, ತಡಿ."

ಅಕ್ಕ ಸೊಂಟದಲ್ಲಿ ಬರಿಗೊಡ ಇಟ್ಟುಕೊಂಡು ನಿಂತಿದ್ದಳು. ಅವಳಿಗೆ ಯಾರೂ ಚಾಪೆ ಹಾಸಿರಲಿಲ್ಲ.

"ಅಷ್ಟು ಆಳಕ್ಕೆ ಇಳಿದ್ನಲ್ಲ ಆ ಪುಣ್ಯಾತ್ಮ, ಮೇಲೆ ಹಗ್ಗ ಹಿಡ್ಕೊಂಡಿದ್ದೋರು ಯಾರು?"

ಎದ್ದವರು ಎದ್ದ ಹಾಗೆಯೇ ನಿಂತರು. ಹಿಂದೆ ಆಗಿದ್ದರೆ ಕತೆಗಾರ ಬಾಯಿಗೆ ಬಂದದ್ದನ್ನು ಕಟ್ಟಿ ಹೇಳುತ್ತಿದ್ದ. ಅವತ್ತು ಕಟ್ಟಿ ಹೇಳಿದರೆ ತಲೆಗಳು ಉರುಳುತ್ತಿದ್ದವು. ಒಮ್ಮೆ ಗೊಂಬೆಯ ಕಡೆ ನೋಡಿದ. ಗೊಂಬೆಯ ಕಣ್ಣು ಬಣ್ಣದ್ದು. ಕಾಲ ಹೆಬ್ಬೆರಳಿನಿಂದ ದಾರ ಬಿಚ್ಚಿದ. ನನಗೆ ಗೊತ್ತಿಲ್ಲ, ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ ಹೇಳಿ ಎಂದು ಕೈಮುಗಿದ. ಕತೆಗಾರನೊಬ್ಬ ಕತೆಯ ನಡುವೆ ಗೊತ್ತಿಲ್ಲ ಅಂದದ್ದನ್ನು ಆ ಊರು ಅವತ್ತೇ ಮೊದಲು ಕೇಳಿದ್ದು.

ಮಗ್ಗದ ಕೇರಿಯ ಒಬ್ಬ ಮುದುಕಿ ಎದ್ದಳು. ನಮ್ಮ ತಾತನ ತಾತ ಹಿಡಿದಿದ್ದನಂತೆ ಅಂದಳು. ಬಂಡೆ ಜಾರಿದಾಗ ಕೆಳಗಿದ್ದವನು ಹಗ್ಗಕ್ಕೆ ಜೋತುಬಿದ್ದನಂತೆ. ಇವನು ಹಗ್ಗ ಬಿಡಲಿಲ್ಲವಂತೆ. ಅಂಗೈಯ ತೊಗಲೆಲ್ಲ ಸುಲಿದು ಹೋಗಿ, ಆ ವರ್ಷ ಮಗ್ಗಕ್ಕೆ ಕೂರಲು ಆಗಲಿಲ್ಲವಂತೆ. ನಮ್ಮವ್ವ ಹೇಳುತ್ತಿದ್ದಳು ಅಂದಳು.

ಎಲ್ಲರೂ ಗಾಣದ ಕೇರಿಯ ಯಜಮಾನನ ಕಡೆ ನೋಡಿದರು. ಬೇಲಿ ಹಾಕಿಸಿದವನು ಅವನೇ. ಅವನು ತನಗೆ ತಾನೇ ಹೇಳಿಕೊಳ್ಳುವವನ ಹಾಗೆ ಹೇಳಿದ. ನಮ್ಮ ಮನೆಯಲ್ಲಿ ವರ್ಷದ ಹೊಸ ಎಣ್ಣೆ ತೆಗೆದಾಗ ಮೊದಲ ಗಿಂಡಿಯನ್ನು ಮಗ್ಗದ ಕೇರಿಗೆ ಕಳಿಸುತ್ತೇವೆ. ನಮ್ಮಪ್ಪನೂ ಕಳಿಸುತ್ತಿದ್ದ, ಅವನಪ್ಪನೂ ಕಳಿಸುತ್ತಿದ್ದ. ಯಾಕೆ ಅಂತ ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಆ ಅಂಗೈಗೆ ಹಚ್ಚಲಿಕ್ಕೆ ಕೊಟ್ಟದ್ದು ಇರಬೇಕು.

ಅಷ್ಟು ಹೇಳಿ ಮುದುಕಿಯ ಕಡೆ ತಿರುಗಿದ. ಹೂಂ ಅಂದ.

ಅಡಿವೆಪ್ಪ ಗುರುಗಳ ಮಾತು ಮುಗಿಯುವ ಮೊದಲೇ ಹೂಂ ಅಂದ.

ಮಗ್ಗದ ಕೇರಿ ಹೂಂ ಅಂದಿತು. ಗಾಣದ ಕೇರಿ ಹೂಂ ಅಂದಿತು. ಕತೆಗಾರ ಕತೆಯನ್ನು ಮತ್ತೆ ಮೊದಲಿನಿಂದ ಹೇಳಿದ. ಈ ಸಲ ಒಬ್ಬ ಕೆಳಗಿದ್ದ, ಒಬ್ಬ ಮೇಲಿದ್ದ. ಒಂದು ಮಾತಿಗೂ ಹೂಂ ತಪ್ಪಲಿಲ್ಲ. ಸಂಜೆಯೊಳಗೆ ಬೇಲಿ ಹಾಕಿದವರೇ ಬೇಲಿ ಕಿತ್ತರು. ಮೊದಲ ಕೊಡ ಎತ್ತಿದವಳು ಆ ಮುದುಕಿ.

ಮನೆಗೆ ಬಂದ ಕತೆಗಾರ ಒಳಗೆ ಹೋಗಿ, ಮೂಲೆಯಲ್ಲಿ ನಿಲ್ಲಿಸಿದ್ದ ಚಾಪೆಯನ್ನು ತಾನೇ ತಂದು ಚಾವಡಿಯಲ್ಲಿ ಹಾಸಿದ. ಅದರ ಮೇಲಿನ ದೂಳನ್ನು ಹೆಗಲ ಮೇಲಿನ ಬಟ್ಟೆಯಿಂದ ಒರೆಸಿದ. ಅಕ್ಕ ಬಂದು ಮೊದಲಿನ ಹಾಗೆಯೇ ಕಾಲು ಚಾಚಿ ಕೂತಳು. ಗೊಂಬೆಯನ್ನು ಒಲೆಗೆ ಹಾಕಿಬಿಡುತ್ತೇನೆ ಅಂದ ತಮ್ಮ. ಬೇಡ, ಬಡಗಿ ಪಾಪ ಕಷ್ಟಪಟ್ಟು ಮಾಡಿದ್ದಾನೆ, ಅಡುಗೆಮನೆಯಲ್ಲಿಡು, ನನ್ನ ಸಾರಿಗೆ ನೀನಂತೂ ಒಂದು ದಿನ ಹೂಂ ಅಂದವನಲ್ಲ, ಅದಾದರೂ ಅನ್ನಲಿ ಅಂದಳು ಅಕ್ಕ.

ಗುರುಗಳು ಕತೆ ಮುಗಿಸಿ ತಂಬಿಗೆಯ ಬಾಯಿ ಮುಚ್ಚಿದರು.

ಅಡಿವೆಪ್ಪನ ಮುಖ ಅರಳಿತ್ತು. ಬಂದಾಗ ಇದ್ದ ಅಳುಕು ಈಗ ಇರಲಿಲ್ಲ. ಎದ್ದು ಗುರುಗಳ ಪಾದಕ್ಕೆ ನಮಸ್ಕರಿಸಿದ.

"ತಿಳಿಯಿತು ಗುರುಗಳೇ. ಬರೆಯುವುದನ್ನು ಬಿಡುವುದಿಲ್ಲ. ಹೊಗಳುವವರು ಎಷ್ಟಿದ್ದರೇನು, ತಡೆದು ಕೇಳುವವರು ಬೇಕು. ಇದನ್ನೇ ಒಂದು ಕತೆ ಮಾಡುತ್ತೇನೆ. ಇವತ್ತೇ ಕೂತು ಬರೆಯುತ್ತೇನೆ. ಎಲ್ಲಿಂದ ಶುರು ಮಾಡಲಿ? ಬಾವಿಯ ಜಗಳದಿಂದಲೇ ಎತ್ತಿಕೊಳ್ಳಲೇ?"

ಗುರುಗಳು ಅವನನ್ನೇ ನೋಡಿದರು.

"ಅಕ್ಕ ಚಾಪೆ ಸುತ್ತಿಕೊಂಡು ಒಳಗೆ ಹೋದಳು ಅಂದಾಗ ನೀನು ಹೂಂ ಅನ್ನಲಿಲ್ಲವಲ್ಲ ಅಡಿವೆಪ್ಪಾ, ಅಲ್ಲಿಂದ ಶುರು ಮಾಡು."